ಬಿಚ್ಚಲಾಗದ ತುಣುಕನ್ನು ಮೊದಲು ಆರಿಸಿ: ಮಾಡ್ಯುಲರ್ ಟೂಲ್‌ಗಳಲ್ಲಿ ಎನ್‌ಎಫ್‌ಟಿ ಆ್ಯಪ್ ಕಟ್ಟುವ ಬಗೆ

ನನ್ನ ಮೊದಲ ಎನ್‌ಎಫ್‌ಟಿ ಆ್ಯಪ್ ಮುಗ್ಗರಿಸಿದ್ದು ಒಂದು ಸ್ಲ್ಯಾಷ್‌ನಿಂದ. ಚಿತ್ರ ಬಿಡಿಸುವ ಗೆಳತಿಯೊಬ್ಬಳ 300 ಹಕ್ಕಿ ಚಿತ್ರಗಳನ್ನು ಟೋಕನ್ ಮಾಡಿ, ಅಂದರೆ ಯಾವುದು ಯಾರದು ಅಂತ ಬ್ಲಾಕ್‌ಚೈನ್‌ನಲ್ಲಿ ದಾಖಲಿಸಿ, ಮಾರುವ ಸಣ್ಣ ಆ್ಯಪ್ ಅದು. ಕಾಂಟ್ರ್ಯಾಕ್ಟ್‌ನ, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂನ, ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಚಿತ್ರಗಳು ಐಪಿಎಫ್‌ಎಸ್ ಅನ್ನೋ ಫೈಲ್ ಹಂಚಿಕೆಯ ಜಾಲದಲ್ಲಿ ಸರಿಯಾಗಿ ಕೂತಿದ್ದವು, ಬ್ರೌಸರ್‌ನಲ್ಲಿ ತೆರೆದು ನೋಡಿದ್ದೆ. ಕೊಳ್ಳುವವರ ವಾಲೆಟ್ (ಕೀ ಇಟ್ಟುಕೊಂಡು ಸಹಿ ಹಾಕುವ ಆ್ಯಪ್) ಜೋಡಿಸುವ ಬಟನ್ ಕೆಲಸ ಮಾಡುತ್ತಿತ್ತು. ಮಾರಾಟ ಶುರುವಾದ ಅರ್ಧ ಗಂಟೆಗೆ ಅವಳ ಫೋನ್ ಬಂತು: "ನನ್ನ ಹಕ್ಕಿಗಳೆಲ್ಲ ಎಲ್ಲಿಗೆ ಹಾರಿಹೋದವು ಕಣೇ? ಎಲ್ಲ ಕಡೆ ಬೂದು ಚೌಕ ಕಾಣ್ತಿದೆ."

ಆಗಿದ್ದು ಇಷ್ಟು. ಓಪನ್‌ಜೆಪ್ಪೆಲಿನ್ ಅನ್ನೋ ಕೋಡ್ ಲೈಬ್ರರಿಯ ಇಆರ್‌ಸಿ-721 (ಎನ್‌ಎಫ್‌ಟಿಗಳ ಮಾನದಂಡ) ಕಾಂಟ್ರ್ಯಾಕ್ಟ್‌ನಲ್ಲಿ ಟೋಕನ್‌ಯುಆರ್‌ಐ ಅನ್ನೋ ಫಂಕ್ಷನ್ ಇದೆ. ಟೋಕನ್‌ನ ವಿವರ ಇರುವ ಫೈಲ್‌ನ ವಿಳಾಸ ಹೇಳುವುದು ಅದರ ಕೆಲಸ. ಅದು ಬೇಸ್ ಯುಆರ್‌ಐ, ಅಂದರೆ ಫೋಲ್ಡರ್ ವಿಳಾಸದ ಕೊನೆಗೆ ಟೋಕನ್ ನಂಬರನ್ನು ಸುಮ್ನೆ ಅಂಟಿಸಿ ಕೊಡುತ್ತದೆ. ನಡುವೆ ಏನನ್ನೂ ಸೇರಿಸುವುದಿಲ್ಲ. ನಾನು ಕೊಟ್ಟ ಬೇಸ್ ಯುಆರ್‌ಐ ಕೊನೆಯಲ್ಲಿ ಸ್ಲ್ಯಾಷ್ ಇರಲಿಲ್ಲ. ಹಾಗಾಗಿ ಏಳನೇ ಟೋಕನ್ ಕೇಳಿದರೆ ಫೋಲ್ಡರ್ ವಿಳಾಸದ ಬಾಲಕ್ಕೇ 7 ಅಂಟಿಕೊಂಡು ಬರುತ್ತಿತ್ತು. ಅಂಥ ವಿಳಾಸ ಎಲ್ಲೂ ಇಲ್ಲ. ಅದು ಸಾಲದು ಅಂತ ನನ್ನ ಫೈಲ್‌ಗಳ ಹೆಸರಿನ ಕೊನೆಗೆ ಡಾಟ್ ಜೇಸನ್ ಅಂತ ಇತ್ತು. ಕಾಂಟ್ರ್ಯಾಕ್ಟ್ ಕೇಳುತ್ತಿದ್ದದ್ದು ಬರೀ 7. ಸ್ಲ್ಯಾಷ್ ಇದ್ದಿದ್ದರೂ ಸಿಗುತ್ತಿರಲಿಲ್ಲ.

ಬೇಸ್ ಯುಆರ್‌ಐ ಬದಲಾಯಿಸುವ ಫಂಕ್ಷನ್ ಕಾಂಟ್ರ್ಯಾಕ್ಟ್‌ನಲ್ಲಿತ್ತು, ಬಚಾವಾದೆ. ಜಾಣತನದಿಂದ ಹಾಕಿದ್ದೇನಲ್ಲ. ನಾನು ನಕಲು ಮಾಡಿದ ಉದಾಹರಣೆಯಲ್ಲಿ ಅದಿತ್ತು, ಅಳಿಸಲು ಮರೆತಿದ್ದೆ.

ಪ್ರತಿ ತುಣುಕೂ ತನ್ನಷ್ಟಕ್ಕೆ ಸರಿಯಾಗಿತ್ತು. ಬಿಟ್ಟುಕೊಂಡಿದ್ದು ಬೆಸುಗೆ. ಆಮೇಲೆ ಕಟ್ಟಿದ ಆ್ಯಪ್‌ಗಳಲ್ಲೂ ಇದೇ ಪಾಠ. ಮಾಡ್ಯುಲರ್ ಟೂಲ್‌ಗಳು, ಅಂದರೆ ಬಿಡಿ ಬಿಡಿಯಾಗಿ ಸಿಗುವ ತುಣುಕುಗಳು, ಒಂದೊಂದೂ ಚೆನ್ನಾಗಿಯೇ ಇರುತ್ತವೆ, ತಂಟೆ ಬರುವುದು ಅವು ಸೇರುವ ಜಾಗದಲ್ಲಿ. ಅದಕ್ಕೇ ಈಗ ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಎರಡು ಕೆಲಸ ಮಾಡುತ್ತೇನೆ. ಮೊದಲು ಬದಲಾಯಿಸಲಾಗದ ತುಣುಕನ್ನು ಆರಿಸುತ್ತೇನೆ. ಆಮೇಲೆ ಪ್ರತಿ ಬೆಸುಗೆಗೂ ಒಂದು ಟೆಸ್ಟ್ ಬರೆಯುತ್ತೇನೆ.

ಒಂದು ಹಾಳೆ ತಗೊಳ್ಳಿ

ಕೋಡ್ ಎಡಿಟರ್ ತೆರೆಯುವ ಮೊದಲು ಆ್ಯಪ್‌ಗೆ ಬೇಕಾದ ತುಣುಕುಗಳನ್ನು ಒಂದರ ಕೆಳಗೊಂದು ಬರೆಯಿರಿ. ಚೈನ್, ಟೋಕನ್ ಕಾಂಟ್ರ್ಯಾಕ್ಟ್, ಮೆಟಾಡೇಟಾ (ಟೋಕನ್‌ನ ವಿವರ) ಇಡುವ ಜಾಗ, ಮಾರಾಟದ ನಿಯಮ, ಇಂಡೆಕ್ಸರ್ (ಚೈನ್ ಓದಿ ಪಟ್ಟಿ ಮಾಡುವುದು), ಆರ್‌ಪಿಸಿ (ಚೈನ್ ಜೊತೆ ಮಾತಾಡಿಸುವ ಸರ್ವರ್), ವಾಲೆಟ್ ಜೋಡಣೆ, ಪರದೆ. ಪ್ರತಿಯೊಂದರ ಪಕ್ಕ ಒಂದೇ ಪ್ರಶ್ನೆ: ಆರು ತಿಂಗಳ ನಂತರ ಇದನ್ನು ಬದಲಾಯಿಸಬೇಕಾದರೆ ಏನು ಕಥೆ?

ಆರ್‌ಪಿಸಿ ಬದಲಾಯಿಸಲು ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸಾಕು. ಇಂಡೆಕ್ಸರ್‌ಗೆ ಒಂದೆರಡು ದಿನ, ಯಾಕಂದರೆ ಮೂಲ ಮಾಹಿತಿ ಚೈನ್‌ನಲ್ಲೇ ಇದೆ, ಮತ್ತೆ ಓದಿಸಿದರಾಯಿತು. ಮೆಟಾಡೇಟಾ ಬದಲಾಗುವುದು ಕಾಂಟ್ರ್ಯಾಕ್ಟ್ ಅವಕಾಶ ಕೊಟ್ಟರೆ ಮಾತ್ರ. ಟೋಕನ್ ಕಾಂಟ್ರ್ಯಾಕ್ಟ್ ಬದಲಾಗುವುದಿಲ್ಲ. ಹೊಸದು ಹಾಕಿದರೂ ಜನರ ಕೈಯಲ್ಲಿರುವುದು ಹಳೆಯದೇ. ಚೈನ್ ಅಂತೂ ಕೇಳಲೇಬೇಡಿ.

ತೀರ್ಮಾನಗಳನ್ನೂ ಇದೇ ಸಾಲಿನಲ್ಲಿ ತಗೊಳ್ಳಿ, ಗಟ್ಟಿಯಾದದ್ದು ಮೊದಲು. ಎಷ್ಟೋ ಟ್ಯುಟೋರಿಯಲ್‌ಗಳು ವಾಲೆಟ್ ಬಟನ್‌ನಿಂದ ಶುರುವಾಗುತ್ತವೆ. ಪರದೆ ಮೇಲೆ ಬೇಗ ಏನೋ ಕಾಣುತ್ತದೆ, ಖುಷಿಯಾಗುತ್ತದೆ, ಆದರೆ ಅದು ಕೊನೆಗೆ ಬರಬೇಕಾದ ಕೆಲಸ.

ಚೈನ್: ಸ್ವಂತದ್ದು ಬೇಡ

ಬ್ಲಾಕ್‌ಚೈನ್ ಮಾಡುವ ಕೆಲಸ ನಾಲ್ಕು. ವ್ಯವಹಾರಗಳನ್ನು ನಡೆಸುವುದು, ಅವುಗಳ ಸರದಿ ಒಪ್ಪಿಕೊಳ್ಳುವುದು, ತಕರಾರು ಬಂದರೆ ಕೊನೆಯ ಮಾತು ಹೇಳುವುದು, ಡೇಟಾ ಎಲ್ಲರಿಗೂ ಸಿಗುವಂತೆ ಪ್ರಕಟಿಸುವುದು. ಹಳೆಯ ಇಥೀರಿಯಂ ಇವೆಲ್ಲವನ್ನೂ ಒಂದೇ ಕಡೆ ಮಾಡುತ್ತಿತ್ತು. 2017ರ ಕೊನೆಯಲ್ಲಿ ಕ್ರಿಪ್ಟೋಕಿಟ್ಟೀಸ್ ಅನ್ನೋ ಬೆಕ್ಕಿನ ಆಟ ಬಂದಾಗ ಇಡೀ ಜಾಲ ಏದುಸಿರು ಬಿಟ್ಟಿತು. ಈಗ ಈ ಕೆಲಸಗಳನ್ನು ಬಿಡಿ ಬಿಡಿಯಾಗಿ ಹಂಚಬಹುದು. ರೋಲಪ್, ಅಂದರೆ ಇಥೀರಿಯಂ ಮೇಲೆ ಕೂತ ಇನ್ನೊಂದು ಚೈನ್, ವ್ಯವಹಾರ ನಡೆಸುತ್ತದೆ, ಇಥೀರಿಯಂ ಕೊನೆಯ ಮಾತು ಹೇಳುತ್ತದೆ, ಡೇಟಾ ಇಥೀರಿಯಂನ ಬ್ಲಾಬ್ ಅನ್ನೋ ತಾತ್ಕಾಲಿಕ ಡೇಟಾ ಗಂಟುಗಳಿಗೋ 2023ರ ಅಕ್ಟೋಬರ್ 31ರಂದು ಶುರುವಾದ ಸೆಲೆಸ್ಟಿಯಾದಂಥ ಜಾಲಕ್ಕೋ ಹೋಗುತ್ತದೆ. ಮಾಡ್ಯುಲರ್ ಬ್ಲಾಕ್‌ಚೈನ್ ಅಂದರೆ ಇದೇ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ನನಗೂ ಇತ್ತು. ಡೇಟಾ ಪ್ರಕಟಿಸುವ ಪದರಕ್ಕಿರುವ "ಡೇಟಾ ಅವೈಲೆಬಿಲಿಟಿ" ಅನ್ನೋ ಹೆಸರು ಕೇಳಿ, ಚಿತ್ರಗಳನ್ನು ಅಲ್ಲೇ ಇಟ್ಟರಾಯಿತು ಅಂತ ನನ್ನ ಡಿಸೈನ್ ಟಿಪ್ಪಣಿಯಲ್ಲಿ ಧೈರ್ಯವಾಗಿ ಬರೆದಿದ್ದೆ. ಆಗುವುದಿಲ್ಲ. 2024ರ ಮಾರ್ಚ್ 13ರ ಡೆನ್‌ಕುನ್ ಅಪ್‌ಗ್ರೇಡ್‌ನಲ್ಲಿ ಬಂದ ಬ್ಲಾಬ್ ತಲಾ 128 ಕೆಬಿ, ಸುಮಾರು 18 ದಿನ ಇಟ್ಟುಕೊಂಡು ಆಮೇಲೆ ನೋಡ್‌ಗಳು ಅದನ್ನು ಬಿಸಾಕಬಹುದು. ಈ ಪದರದ ಕೆಲಸ, ಬೇಕಾದವರು ತೆಗೆದು ತಾಳೆ ನೋಡುವಷ್ಟು ಕಾಲ ಡೇಟಾ ಬಹಿರಂಗವಾಗಿ ಇತ್ತು ಅಂತ ಖಾತ್ರಿ ಮಾಡುವುದು. ನೋಟೀಸ್ ಬೋರ್ಡ್ ಇದ್ದ ಹಾಗೆ. ನಿಮ್ಮ ಚಿತ್ರಕ್ಕೆ ಬೇಕಾದದ್ದು ಬೀರು.

ಓಪಿ ಸ್ಟ್ಯಾಕ್, ಆರ್ಬಿಟ್ರಂ ಆರ್ಬಿಟ್‌ನಂಥ ಕಿಟ್‌ಗಳಿವೆ, ಒಂದು ಮಧ್ಯಾಹ್ನದಲ್ಲಿ ಸ್ವಂತ ರೋಲಪ್ ಎದ್ದು ನಿಲ್ಲುತ್ತದೆ. ನನಗೂ ಆಸೆಯಾಗಿತ್ತು. ಆದರೆ 300 ಟೋಕನ್‌ಗೆ ಒಂದು ಚೈನ್ ಅಂದರೆ ಮೂಗಿಗಿಂತ ಮೂಗುತಿ ಭಾರ. ವ್ಯವಹಾರಗಳನ್ನು ಸರದಿಯಲ್ಲಿ ಜೋಡಿಸುವ ಸೀಕ್ವೆನ್ಸರ್ ನೀವೇ ನಡೆಸಬೇಕು. ಎಕ್ಸ್‌ಪ್ಲೋರರ್ (ಚೈನ್‌ನಲ್ಲಿರುವುದನ್ನು ತೋರಿಸುವ ತಾಣ), ಬ್ರಿಡ್ಜ್ (ಹಣ ದಾಟಿಸುವ ಸೇತುವೆ), ಆರ್‌ಪಿಸಿ ಎಲ್ಲ ನಿಮ್ಮದೇ. ಕೊಳ್ಳುವವರು ವಾಲೆಟ್‌ನಲ್ಲಿ ಹೊಸ ನೆಟ್‌ವರ್ಕ್ ಸೇರಿಸಿಕೊಳ್ಳಬೇಕು, ಅಲ್ಲಿಗೆ ಹಣ ದಾಟಿಸಬೇಕು. ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ. ಸೆಕೆಂಡಿಗೆ ನೂರಾರು ನಡೆಗಳಿರುವ ಆಟ ಕಟ್ಟುತ್ತಿದ್ದರೆ, ಗ್ಯಾಸ್ (ವ್ಯವಹಾರದ ಶುಲ್ಕ ಅಳೆಯುವ ಘಟಕ) ನಿಯಮ ನಿಮ್ಮ ಕೈಯಲ್ಲೇ ಇರಬೇಕಿದ್ದರೆ, ಆಗ ಯೋಚಿಸಿ.

ಇರುವ ಎಲ್2 (ಇಥೀರಿಯಂ ಮೇಲೆ ಕೂತ ಚೈನ್; ಇಥೀರಿಯಂ ಎಲ್1) ಒಂದನ್ನು ಆರಿಸುವಾಗ ನಾನು ಕೇಳುವುದು ಇಷ್ಟು. ಡೇಟಾ ಎಲ್ಲಿಗೆ ಹೋಗುತ್ತದೆ? ಸೀಕ್ವೆನ್ಸರ್ ನಿಂತುಹೋದರೆ ಎಲ್1 ಮೂಲಕ ವ್ಯವಹಾರ ತುರುಕುವ ದಾರಿ ಇದೆಯೇ? ಕೊಳ್ಳುವವರು ಬಳಸುವ ವಾಲೆಟ್‌, ಮಾರುಕಟ್ಟೆಗಳಿಗೆ ಈ ಚೈನ್ ಗೊತ್ತೇ? ಹಣ ಎಲ್1ಗೆ ವಾಪಸ್ ಬರಲು ಎಷ್ಟು ದಿನ? ಆಪ್ಟಿಮಿಸ್ಟಿಕ್ ರೋಲಪ್ (ತಕರಾರು ಬರುವವರೆಗೆ ಎಲ್ಲ ಸರಿ ಅಂತ ನಂಬುವ ಬಗೆ) ಆದರೆ ಮಾಮೂಲಾಗಿ ಏಳು ದಿನ. ಗೆಳತಿಗೆ ಇದನ್ನು ಮೊದಲೇ ಹೇಳಿದ್ದರಿಂದ ನಮ್ಮ ಸ್ನೇಹ ಉಳಿದಿದೆ.

ಇನ್ನೊಂದು ಸಣ್ಣ ವಿಷಯ. ಎಲ್ಲ ಎಲ್2ಗಳೂ ಇಥೀರಿಯಂನ ಪಡಿಯಚ್ಚಲ್ಲ. ಆರ್ಬಿಟ್ರಂನಲ್ಲಿ ಕಾಂಟ್ರ್ಯಾಕ್ಟ್ ಒಳಗಿಂದ ಬ್ಲಾಕ್ ನಂಬರ್ ಕೇಳಿದರೆ ಸಿಗುವುದು ಎಲ್1ನ ಅಂದಾಜು ನಂಬರ್. ಮಾರಾಟ ಶುರುವಾಗುವ ಹೊತ್ತನ್ನು ಬ್ಲಾಕ್ ನಂಬರ್‌ನಲ್ಲಿ ಬರೆಯಲೇಬೇಡಿ, ಟೈಮ್‌ಸ್ಟ್ಯಾಂಪ್ ಬಳಸಿ.

ಕಾಂಟ್ರ್ಯಾಕ್ಟ್: ಟೋಕನ್ ಬೇರೆ, ಅಂಗಡಿ ಬೇರೆ

ಪ್ರತಿ ಟೋಕನ್ ಬೇರೆ ಬೇರೆ ಇದ್ದರೆ ಇಆರ್‌ಸಿ-721. ಒಂದೇ ವಸ್ತುವಿನ ಹತ್ತಾರು ಪ್ರತಿಗಳಿದ್ದರೆ ಇಆರ್‌ಸಿ-1155. ಎರಡೂ 2018ರಲ್ಲಿ ಬಂದ ಪ್ರಸ್ತಾಪಗಳು, ಎರಡಕ್ಕೂ ಓಪನ್‌ಜೆಪ್ಪೆಲಿನ್‌ನಲ್ಲಿ ತಯಾರಾದ ಕೋಡ್ ಇದೆ. ಅದನ್ನೇ ತಗೊಳ್ಳಿ, ಕೈಯಾರೆ ಬರೆಯುವ ಹುಮ್ಮಸ್ಸು ಬೇಡ. ಆದರೆ ವರ್ಷನ್ ನೋಡಿಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ಬಂದ 5.0ರಲ್ಲಿ ಹಳೆಯ "ಬಿಫೋರ್ ಟೋಕನ್ ಟ್ರಾನ್ಸ್‌ಫರ್" ಹುಕ್ ಹೋಗಿ "ಅಪ್‌ಡೇಟ್" ಬಂದಿದೆ, ಕೌಂಟರ್ಸ್ ಲೈಬ್ರರಿ ಇಲ್ಲವೇ ಇಲ್ಲ, ಓನೇಬಲ್‌ಗೆ ಮೊದಲ ಮಾಲೀಕರ ವಿಳಾಸವನ್ನು ಕನ್‌ಸ್ಟ್ರಕ್ಟರ್‌ನಲ್ಲೇ ಕೊಡಬೇಕು. ಹಳೇ ಟ್ಯುಟೋರಿಯಲ್ ಕೋಡ್ ಕಂಪೈಲ್ ಆಗದೆ ರಾತ್ರಿಯೆಲ್ಲ ತಲೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬಳು.

ಅಗ್ಗವಾಗಿ ಮಿಂಟ್ ಮಾಡಲು, ಅಂದರೆ ಹೊಸ ಟೋಕನ್ ಹುಟ್ಟಿಸಲು, ಇಆರ್‌ಸಿ721ಎ ಬಳಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 2022ರ ಜನವರಿಯಲ್ಲಿ ಅಝುಕಿ ಅನ್ನೋ ಎನ್‌ಎಫ್‌ಟಿ ಕಲೆಕ್ಷನ್‌ನ ತಂಡ ತಂದದ್ದು. ಒಬ್ಬರು ಒಟ್ಟಿಗೆ ಐದು ತಗೊಂಡರೆ ಮಾಲೀಕರ ಹೆಸರನ್ನು ಅದು ಒಂದೇ ಸಲ ಬರೆಯುತ್ತದೆ, ಅಲ್ಲಿ ಉಳಿತಾಯ. ಆಮೇಲೆ ಆ ಟೋಕನ್‌ಗಳನ್ನು ಒಂದೊಂದಾಗಿ ಕಳಿಸುವಾಗ ಬರೆಯದೆ ಬಿಟ್ಟದ್ದನ್ನು ಬರೆಯಬೇಕು, ಆ ಖರ್ಚು ಆಗ ಬರುತ್ತದೆ. ಜನ ತಲಾ ಒಂದೇ ಕೊಳ್ಳುವ ಕಲೆಕ್ಷನ್ ಆದರೆ ಇದರಿಂದ ಲಾಭವೇ ಇಲ್ಲ.

ಈಗ ಮುಖ್ಯ ಮಾತು. "ಮಾಡ್ಯುಲರ್ ಕಾಂಟ್ರ್ಯಾಕ್ಟ್" ಅಂತ ಹುಡುಕಿದರೆ ಇಆರ್‌ಸಿ-2535, ಅಂದರೆ ಡೈಮಂಡ್ ಮಾದರಿ ಸಿಗುತ್ತದೆ. ಒಂದು ವಿಳಾಸದ ಹಿಂದೆ ಹಲವು ಕಾಂಟ್ರ್ಯಾಕ್ಟ್‌ಗಳನ್ನು ಕೂಡಿಸಬಹುದು, ಒಂದು ಕಾಂಟ್ರ್ಯಾಕ್ಟ್‌ನ ಕೋಡ್‌ಗಿರುವ 24,576 ಬೈಟ್‌ನ ಮಿತಿಯನ್ನು ದಾಟಬಹುದು. ದೊಡ್ಡ ಆಟಕ್ಕೆ ಸರಿ. ಒಂದು ಕಲೆಕ್ಷನ್‌ಗೆ ನಾನು ಬಳಸುವುದಿಲ್ಲ. ಕೋಡ್ ಓದುವವರಿಗೆ ಕಷ್ಟ, ಕೊಳ್ಳುವವರಿಗೆ ಅನುಮಾನ. ಅದರ ಬದಲು ಮೂರು ಸಣ್ಣ ಕಾಂಟ್ರ್ಯಾಕ್ಟ್ ಮಾಡುತ್ತೇನೆ.

ಮೊದಲನೆಯದು ಟೋಕನ್. ಇದಕ್ಕೆ ಗೊತ್ತಿರುವುದು ಬಹಳ ಕಡಿಮೆ. ಯಾರ ಬಳಿ ಯಾವುದಿದೆ, ಒಟ್ಟು ಎಷ್ಟು ಆಗಬಹುದು, ಮಿಂಟ್ ಮಾಡುವ ಅನುಮತಿ ಯಾರಿಗಿದೆ, ಇಷ್ಟೇ. ಬೆಲೆ ಗೊತ್ತಿಲ್ಲ, ದಿನಾಂಕ ಗೊತ್ತಿಲ್ಲ.

ಎರಡನೆಯದು ಮಾರಾಟ. ಬೆಲೆ, ಹೊತ್ತು, ಯಾರು ಕೊಳ್ಳಬಹುದು ಅನ್ನುವುದೆಲ್ಲ ಇಲ್ಲಿ. ಟೋಕನ್ ಕಾಂಟ್ರ್ಯಾಕ್ಟ್ ಇದಕ್ಕೆ ಮಿಂಟರ್ ಪಾತ್ರ ಕೊಟ್ಟಿರುತ್ತದೆ. ನಿಯಮ ಬದಲಾದರೆ ಹೊಸ ಮಾರಾಟದ ಕಾಂಟ್ರ್ಯಾಕ್ಟ್ ಬರೆದು ಅದಕ್ಕೆ ಪಾತ್ರ ಕೊಡಿ, ಹಳೆಯದರಿಂದ ಕಿತ್ತುಕೊಳ್ಳಿ. ಟೋಕನ್ ಅಲುಗಾಡುವುದಿಲ್ಲ.

ಮೂರನೆಯದು ರೆಂಡರರ್. ಟೋಕನ್‌ಯುಆರ್‌ಐ ಕೇಳಿದಾಗ ಟೋಕನ್ ಕಾಂಟ್ರ್ಯಾಕ್ಟ್ ತಾನು ಉತ್ತರಿಸದೆ ಇದನ್ನು ಕೇಳಿ ಹೇಳುತ್ತದೆ. ಇವತ್ತು ಐಪಿಎಫ್‌ಎಸ್ ವಿಳಾಸ ಕೊಡುವ ರೆಂಡರರ್, ನಾಳೆ ಚೈನ್‌ನಲ್ಲೇ ಚಿತ್ರ ಬಿಡಿಸುವ ರೆಂಡರರ್. ಇದಕ್ಕೊಂದು ಬೀಗವೂ ಬೇಕು, ಒಮ್ಮೆ ಹಾಕಿದರೆ ತೆಗೆಯಲಾಗದ್ದು. ಇಲ್ಲದಿದ್ದರೆ ಹದ್ದು ಕೊಂಡವರಿಗೆ ನಾಳೆ ಗುಬ್ಬಿ ತೋರಿಸಬಹುದು ಅಂತ ಆಗುತ್ತದೆ ಅಲ್ವಾ?

ಈ ಜೋಡಣೆಯಲ್ಲೂ ನಾನು ಒಮ್ಮೆ ಎಡವಿದ್ದೇನೆ. ಎರಡನೇ ಸುತ್ತಿನ ಮಾರಾಟಕ್ಕೆ ಹೊಸ ಕಾಂಟ್ರ್ಯಾಕ್ಟ್ ಹಾಕಿ, ಹಳೆಯದರ ಮಿಂಟರ್ ಪಾತ್ರ ಕಿತ್ತುಕೊಳ್ಳುವುದನ್ನು ಮರೆತೆ. ಯಾರೋ ಒಬ್ಬರು ಹಳೆಯ ಕಾಂಟ್ರ್ಯಾಕ್ಟ್ ಅನ್ನು ನೇರವಾಗಿ ಕರೆದು ಹಳೆಯ ಬೆಲೆಗೆ ಎರಡು ಹಕ್ಕಿ ಹಿಡಿದುಕೊಂಡು ಹೋದರು. ಅವರದೇನೂ ತಪ್ಪಿಲ್ಲ, ಬಾಗಿಲು ತೆರೆದಿಟ್ಟವಳು ನಾನು. ಆದರೆ ಒಟ್ಟು ಮಿತಿ ಟೋಕನ್ ಕಾಂಟ್ರ್ಯಾಕ್ಟ್‌ನಲ್ಲೇ ಇದ್ದುದರಿಂದ 300 ಮೀರಲಿಲ್ಲ. ಮಿತಿಯನ್ನು ಮಾರಾಟದ ಕಾಂಟ್ರ್ಯಾಕ್ಟ್‌ನಲ್ಲಿ ಇಡಬೇಡಿ. ಅಂಗಡಿಗಳು ಬರುತ್ತವೆ ಹೋಗುತ್ತವೆ, ಲೆಕ್ಕದ ಪುಸ್ತಕ ಒಂದೇ ಇರಲಿ. ಈಗ ಪಾತ್ರ ಕೊಡುವುದನ್ನೂ ಕಿತ್ತುಕೊಳ್ಳುವುದನ್ನೂ ಒಂದೇ ಸ್ಕ್ರಿಪ್ಟ್‌ನಲ್ಲಿ ಬರೆಯುತ್ತೇನೆ.

ಸೇಫ್‌ಮಿಂಟ್ ಅನ್ನೋ ಮಿಂಟ್ ಫಂಕ್ಷನ್‌ನ ಹೆಸರು ನೋಡಿ ಮೈ ಮರೆಯಬೇಡಿ. ಪಡೆಯುವವರು ಕಾಂಟ್ರ್ಯಾಕ್ಟ್ ಆಗಿದ್ದರೆ ಅದು ಅವರ ಕೋಡ್ ಅನ್ನು ಕರೆಯುತ್ತದೆ, "ಇಆರ್‌ಸಿ-721 ತಗೊಳ್ಳೋಕೆ ನಿಂಗೆ ಗೊತ್ತಾ" ಅಂತ ಕೇಳಲು. ಆ ಕ್ಷಣದಲ್ಲಿ ಅವರು ತಿರುಗಿ ನಿಮ್ಮ ಮಾರಾಟದ ಫಂಕ್ಷನ್ ಅನ್ನೇ ಕರೆಯಬಹುದು. "ಒಬ್ಬರಿಗೆ ಎರಡೇ" ಅನ್ನುವ ಎಣಿಕೆಯನ್ನು ಮಿಂಟ್ ಆದ ಮೇಲೆ ಏರಿಸುತ್ತಿದ್ದರೆ ನಿಮ್ಮ ಮಿತಿ ಗಾಳಿಗೆ ಹೋಯಿತು. ಮೊದಲು ಎಣಿಕೆ, ಆಮೇಲೆ ಮಿಂಟ್.

ರಾಯಲ್ಟಿಗೆ, ಅಂದರೆ ಮರುಮಾರಾಟದಲ್ಲಿ ಕಲಾವಿದರ ಪಾಲಿಗೆ, ಇಆರ್‌ಸಿ-2981 ಹಾಕಿ. ಓಪನ್‌ಜೆಪ್ಪೆಲಿನ್‌ನಲ್ಲಿ ಮಾಮೂಲಿ ಛೇದ 10,000, ಹಾಗಾಗಿ 500 ಅಂದರೆ ಶೇಕಡ 5. ಅದು ಬರೀ ಮಾಹಿತಿ, ವಸೂಲಿ ಮಾಡುವುದಿಲ್ಲ. ಮಾರುಕಟ್ಟೆ ಕೊಟ್ಟರೆ ಬಂತು. ಕಲಾವಿದರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಮೆಟಾಡೇಟಾ: ಬೀರು ಎಲ್ಲಿದೆ, ಬೀಗದಕೈ ಯಾರ ಬಳಿ

ಐಪಿಎಫ್‌ಎಸ್‌ನಲ್ಲಿ ವಿಳಾಸ ಅಂದರೆ ಒಳಗಿರುವ ವಸ್ತುವಿನ ಹ್ಯಾಶ್, ಅಂದರೆ ಆ ವಸ್ತುವಿನಿಂದಲೇ ಲೆಕ್ಕಹಾಕಿದ ಗುರುತು. ವಸ್ತು ಬದಲಾದರೆ ವಿಳಾಸವೂ ಬೇರೆ. ಅದನ್ನೇ ಸಿಐಡಿ ಅನ್ನುವುದು. ಹಾಗಾಗಿ ಕೆಲಸದ ಸಾಲು ತಾನಾಗೇ ನಿಗದಿಯಾಗುತ್ತದೆ. ಮೊದಲು ಚಿತ್ರಗಳ ಫೋಲ್ಡರ್ ಏರಿಸಿ, ಸಿಐಡಿ ತಗೊಳ್ಳಿ. ಅದನ್ನು ಪ್ರತಿ ಜೇಸನ್ ಫೈಲ್‌ನ "ಇಮೇಜ್" ಜಾಗದಲ್ಲಿ ಬರೆಯಿರಿ. ಜೇಸನ್ ಫೋಲ್ಡರ್ ಏರಿಸಿ, ಅದರ ಸಿಐಡಿ ತಗೊಳ್ಳಿ. ಅದು ರೆಂಡರರ್‌ಗೆ, ಕೊನೆಯಲ್ಲಿ ಸ್ಲ್ಯಾಷ್ ಸಮೇತ. ಜೇಸನ್ ಫೈಲ್‌ಗಳ ಹೆಸರು ಬರೀ ನಂಬರ್ ಇರಲಿ. ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಅನ್ನುವುದು ಎರಡೂ ಕಡೆ ಒಂದೇ ಇರಲಿ. ಇಲ್ಲದಿದ್ದರೆ ಎಲ್ಲರಿಗೂ ಪಕ್ಕದವರ ಹಕ್ಕಿ ಸಿಗುತ್ತದೆ.

ಜೇಸನ್ ಒಳಗೆ ಐಪಿಎಫ್‌ಎಸ್ ಅಂತ ಶುರುವಾಗುವ ವಿಳಾಸವನ್ನೇ ಬರೆಯಿರಿ. ಐಪಿಎಫ್‌ಎಸ್ ಫೈಲ್‌ಗಳನ್ನು ಬ್ರೌಸರ್‌ಗೆ ತಂದುಕೊಡುವ ಯಾವುದೋ ಗೇಟ್‌ವೇಯ ವೆಬ್ ವಿಳಾಸ ಬರೆದರೆ ಆ ಗೇಟ್‌ವೇ ಮುಚ್ಚಿದ ದಿನ ನಿಮ್ಮ ಚಿತ್ರವೂ ಮುಚ್ಚಿತು.

ಐಪಿಎಫ್‌ಎಸ್‌ಗೆ ಹಾಕಿದ್ದು ತಾನಾಗಿ ಶಾಶ್ವತವಾಗಿ ಉಳಿಯುವುದಿಲ್ಲ. ಯಾರಾದರೂ ಒಬ್ಬರು ಪಿನ್ ಮಾಡಿ ಇಟ್ಟುಕೊಂಡಿರಬೇಕು. ಎರಡು ಬೇರೆ ಬೇರೆ ಸೇವೆಗಳಲ್ಲಿ ಪಿನ್ ಮಾಡಿ, ಮೂರನೇ ಪ್ರತಿ ನಿಮ್ಮ ಡಿಸ್ಕ್‌ನಲ್ಲಿ. ಇಲ್ಲೊಂದು ಸೂಕ್ಷ್ಮವಿದೆ. ಅದೇ ಫೋಲ್ಡರನ್ನು ಎರಡನೇ ಸೇವೆಗೆ ಹೊಸದಾಗಿ ಏರಿಸಿದರೆ ಸಿಐಡಿ ಬೇರೆ ಬರಬಹುದು. ಫೈಲನ್ನು ಎಷ್ಟೆಷ್ಟು ದೊಡ್ಡ ಚೂರು ಮಾಡುತ್ತಾರೆ, ಯಾವ ಸಿಐಡಿ ವರ್ಷನ್ ಬಳಸುತ್ತಾರೆ ಅನ್ನುವುದರ ಮೇಲೆ ಹ್ಯಾಶ್ ಬದಲಾಗುತ್ತದೆ. ಅದಕ್ಕೆ ಮೊದಲ ಸಲವೇ ಕಾರ್ (CAR) ಅನ್ನೋ ಬಗೆಯ ಫೈಲ್ ಮಾಡಿಟ್ಟುಕೊಳ್ಳಿ. ಚೂರುಗಳು ಇದ್ದ ಹಾಗೇ ಅದರಲ್ಲಿ ಕೂತಿರುತ್ತವೆ, ಎಲ್ಲಿಗೆ ಒಯ್ದರೂ ವಿಳಾಸ ಅದೇ. ಆರ್ವೀವ್ ಬೇರೆ ದಾರಿ, ಒಮ್ಮೆ ಹಣ ಕೊಟ್ಟು ದೀರ್ಘಕಾಲ ಇಡುವ ಏರ್ಪಾಡು. ಸಣ್ಣ ಕಲೆಕ್ಷನ್‌ಗೆ ನನಗೆ ಇಷ್ಟ.

ಎಲ್ಲವನ್ನೂ ಚೈನ್‌ನಲ್ಲೇ ಇಡಬಹುದಲ್ಲ ಅನ್ನುತ್ತೀರಾ? ಲೆಕ್ಕ ನೋಡಿ. ಹೊಸ ಸ್ಟೋರೇಜ್ ಸ್ಲಾಟ್ ಒಂದಕ್ಕೆ 32 ಬೈಟ್ ಜಾಗ, 22,100 ಗ್ಯಾಸ್. ಒಂದು ಕಿಲೋಬೈಟ್‌ಗೆ 32 ಸ್ಲಾಟ್, ಅಂದರೆ 7,07,200 ಗ್ಯಾಸ್. ಬರೀ ಈಥರ್ ಕಳಿಸಲು 21,000 ಸಾಕು. ಡೇಟಾವನ್ನು ಕಾಂಟ್ರ್ಯಾಕ್ಟ್ ಕೋಡ್ ವೇಷದಲ್ಲಿ ಬರೆಯುವ ಎಸ್‌ಸ್ಟೋರ್2 ಎಂಬ ಉಪಾಯದಲ್ಲಿ ಬೈಟ್‌ಗೆ 200 ಗ್ಯಾಸ್, ಎಷ್ಟೋ ವಾಸಿ. ಗೆರೆ ಚಿತ್ರದ ಎಸ್‌ವಿಜಿಗೆ ಸರಿ, ಫೋಟೋಗೆ ಆಗದ ಮಾತು. ಕ್ರಿಪ್ಟೋಪಂಕ್ಸ್ ಅನ್ನೋ ಹೆಸರಾಂತ ಕಲೆಕ್ಷನ್ ಕೂಡ 2017ರಲ್ಲಿ ಚೈನ್ ಮೇಲೆ ಇಟ್ಟದ್ದು 10,000 ಮುಖಗಳ ಒಟ್ಟು ಚಿತ್ರದ ಹ್ಯಾಶ್ ಮಾತ್ರ. ಚಿತ್ರಗಳು ಚೈನ್‌ಗೆ ಬಂದದ್ದು 2021ರಲ್ಲಿ.

ಇಆರ್‌ಸಿ-4906 ಮರೆಯಬೇಡಿ. ಸ್ಲ್ಯಾಷ್ ಸರಿಪಡಿಸಿದ ಮೇಲೂ ಮಾರುಕಟ್ಟೆಗಳಲ್ಲಿ ಬೂದು ಚೌಕವೇ ಕೂತಿತ್ತು, ಅವರು ಹಳೇ ಉತ್ತರವನ್ನೇ ಕ್ಯಾಶ್‌ನಲ್ಲಿ ಇಟ್ಟುಕೊಂಡಿದ್ದರು. 300 ಟೋಕನ್‌ಗೂ ಒಂದೊಂದಾಗಿ ರಿಫ್ರೆಶ್ ಒತ್ತಿದ ಸಂಜೆ ನನಗಿನ್ನೂ ನೆನಪಿದೆ. "ಮೆಟಾಡೇಟಾ ಬದಲಾಗಿದೆ, ಮತ್ತೆ ಓದಿ" ಅಂತ ಒಂದು ಈವೆಂಟ್ ಹೊರಡಿಸುವ ಮಾನದಂಡ ಇದು. ನಾಲ್ಕು ಸಾಲಿನ ಕೆಲಸ.

ಯಾರಿಗೆ ಮಾರುವುದು

ಪಟ್ಟಿಯಲ್ಲಿದ್ದವರಿಗೆ ಮೊದಲು ಮಾರುವುದಾದರೆ ಮರ್ಕಲ್ ಟ್ರೀ, ಅಂದರೆ ಇಡೀ ಪಟ್ಟಿಯನ್ನು ಒಂದೇ ಹ್ಯಾಶ್‌ಗೆ ಇಳಿಸುವ ಮರ. ಸಾವಿರ ವಿಳಾಸಗಳನ್ನು ಚೈನ್‌ಗೆ ಬರೆಯಬೇಕಿಲ್ಲ, 32 ಬೈಟ್‌ನ ಒಂದು ರೂಟ್ ಸಾಕು. ಕೊಳ್ಳುವವರು ಸುಮಾರು 10 ಹ್ಯಾಶ್‌ಗಳ ಪುರಾವೆ ತರುತ್ತಾರೆ. ಬೆಸುಗೆ ಬಿಡುವುದು ಎಲೆಗಳಲ್ಲಿ, ಅಂದರೆ ಪಟ್ಟಿಯ ಒಂದೊಂದು ನಮೂದಿನಲ್ಲಿ. ಓಪನ್‌ಜೆಪ್ಪೆಲಿನ್‌ನ ಜಾವಾಸ್ಕ್ರಿಪ್ಟ್ ಲೈಬ್ರರಿಯ ಮಾಮೂಲಿ ಟ್ರೀ ಪ್ರತಿ ಎಲೆಯನ್ನು ಎರಡು ಸಲ ಹ್ಯಾಶ್ ಮಾಡುತ್ತದೆ. ಕಾಂಟ್ರ್ಯಾಕ್ಟ್‌ನಲ್ಲಿರುವ ನಿಮ್ಮ ಸಾಲಿಡಿಟಿ ಕೋಡ್ ಒಂದೇ ಸಲ ಮಾಡಿದರೆ ಯಾರ ಪುರಾವೆಯೂ ಒಪ್ಪಿಗೆಯಾಗುವುದಿಲ್ಲ. ವಿಳಾಸದ ಜೊತೆ "ಎಷ್ಟು ಕೊಳ್ಳಬಹುದು" ಅನ್ನುವುದನ್ನೂ ಎಲೆಯಲ್ಲಿ ಸೇರಿಸಿದ್ದರೆ ಎರಡೂ ಕಡೆ ಅದೇ ಸಾಲು, ಅದೇ ಟೈಪ್ ಇರಬೇಕು.

ಪಟ್ಟಿ ದಿನಕ್ಕೊಮ್ಮೆ ಬದಲಾಗುವುದಾದರೆ ಮರ್ಕಲ್ ಬದಲು ಇಐಪಿ-712 ಮಾನದಂಡದ ಸಹಿ ಬಳಸಿ, ಅಂದರೆ "ಇವರು ಕೊಳ್ಳಬಹುದು" ಅಂತ ನೀವೇ ಸಹಿ ಹಾಕಿ ಕೊಡಿ. ಸಹಿಯ ಡೊಮೇನ್‌ನಲ್ಲಿ ಚೈನ್ ನಂಬರ್, ಕಾಂಟ್ರ್ಯಾಕ್ಟ್ ವಿಳಾಸ ಎರಡೂ ಇರಲಿ. ಇಲ್ಲದಿದ್ದರೆ ಟೆಸ್ಟ್‌ನೆಟ್‌ಗೆ (ಪರೀಕ್ಷೆಗೆಂದೇ ಇರುವ ಚೈನ್‌ಗೆ) ಕೊಟ್ಟ ಸಹಿ ನಿಜವಾದ ಚೈನ್‌ನಲ್ಲೂ ನಡೆಯುತ್ತದೆ.

ಇಂಡೆಕ್ಸರ್: ತೋರಿಸಲು ಇದು, ಒಳಗೆ ಬಿಡಲು ಚೈನ್

"ಈ ವಿಳಾಸದ ಬಳಿ ಯಾವ ಯಾವ ಹಕ್ಕಿಗಳಿವೆ?" ಎಷ್ಟು ಸರಳ ಪ್ರಶ್ನೆ. ಮಾಮೂಲಿ ಇಆರ್‌ಸಿ-721 ಇದಕ್ಕೆ ಉತ್ತರಿಸುವುದಿಲ್ಲ. ಎಷ್ಟು ಇವೆ ಅಂತ ಹೇಳುತ್ತದೆ, ಯಾವುವು ಅಂತ ಹೇಳುವುದಿಲ್ಲ. ಮೊದಲ ಆ್ಯಪ್‌ನಲ್ಲಿ ನಾನು ಬ್ರೌಸರ್‌ನಿಂದಲೇ ಮೊದಲ ಬ್ಲಾಕ್‌ನಿಂದ ಕೊನೆಯವರೆಗೆ ಎಲ್ಲ ಲಾಗ್ (ಕಾಂಟ್ರ್ಯಾಕ್ಟ್ ಹೊರಡಿಸಿದ ಈವೆಂಟ್‌ಗಳ ದಾಖಲೆ) ಕೇಳುತ್ತಿದ್ದೆ. ಇಷ್ಟು ಬ್ಲಾಕ್ ಒಟ್ಟಿಗೆ ಕೊಡೋಕಾಗಲ್ಲ ಅಂತ ಆರ್‌ಪಿಸಿ ಮುಖಕ್ಕೆ ಬಾಗಿಲು ಹಾಕಿತು. ಸರಿಯಾಗಿಯೇ ಮಾಡಿತು.

ಇದಕ್ಕೆ ಇಂಡೆಕ್ಸರ್ ಬೇಕು. ಅದು ಈವೆಂಟ್‌ಗಳನ್ನು ಒಂದೊಂದಾಗಿ ಓದಿ ನಿಮ್ಮ ಡೇಟಾಬೇಸ್‌ನಲ್ಲಿ ಪಟ್ಟಿ ಮಾಡುತ್ತದೆ. ದಿ ಗ್ರಾಫ್ ಅನ್ನೋ ಇಂಡೆಕ್ಸಿಂಗ್ ಜಾಲದಲ್ಲಿ ಸಬ್‌ಗ್ರಾಫ್ ಬರೆಯಬಹುದು, ಅದರ ಭಾಷೆ ಅಸೆಂಬ್ಲಿಸ್ಕ್ರಿಪ್ಟ್. ಟೈಪ್‌ಸ್ಕ್ರಿಪ್ಟ್‌ನಲ್ಲೇ ಇರೋಣ ಅಂದರೆ ಪಾಂಡರ್ ಇದೆ. ನಾನು ಈಗ ಅದನ್ನೇ ಬಳಸುತ್ತೇನೆ, ಸ್ವಂತ ಸರ್ವರ್‌ನಲ್ಲಿ ಓಡಿಸಬಹುದು ಅಂತ. ಶುರುವಿನ ಬ್ಲಾಕ್ ಅಂತ ಕಾಂಟ್ರ್ಯಾಕ್ಟ್ ಹಾಕಿದ ಬ್ಲಾಕ್ ನಂಬರನ್ನೇ ಕೊಡಿ, ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ.

ಓದಬೇಕಾದ ಈವೆಂಟ್ ಒಂದೇ, ಟ್ರಾನ್ಸ್‌ಫರ್. ಸೊನ್ನೆ ವಿಳಾಸದಿಂದ ಬಂದರೆ ಮಿಂಟ್, ಸೊನ್ನೆಗೆ ಹೋದರೆ ಸುಟ್ಟದ್ದು, ಉಳಿದದ್ದು ಕೈಬದಲು. ಒಂದು ಬಲೆ ಇದೆ. ನಾಣ್ಯದಂಥ ಟೋಕನ್‌ಗಳ ಮಾನದಂಡವಾದ ಇಆರ್‌ಸಿ-20ಯ ಟ್ರಾನ್ಸ್‌ಫರ್‌ಗೂ ಇದಕ್ಕೂ ಈವೆಂಟ್ ಹ್ಯಾಶ್ ಒಂದೇ, ಯಾಕಂದರೆ ಹೆಸರೂ ಟೈಪ್‌ಗಳೂ ಅವೇ. ವ್ಯತ್ಯಾಸ ಇಷ್ಟೇ, 721ರಲ್ಲಿ ಟೋಕನ್ ನಂಬರ್ ಇಂಡೆಕ್ಸ್ ಆಗಿರುತ್ತದೆ, ಹಾಗಾಗಿ ನಾಲ್ಕು ಟಾಪಿಕ್ (ಲಾಗ್‌ನಲ್ಲಿ ಹುಡುಕಬಹುದಾದ ಭಾಗ). 20ರಲ್ಲಿ ಮೂರು. ಕಾಂಟ್ರ್ಯಾಕ್ಟ್ ವಿಳಾಸ ಹಾಕಿ ಸೋಸದಿದ್ದರೆ ಯಾರದೋ ನಾಣ್ಯದ ವ್ಯವಹಾರ ನಿಮ್ಮ ಹಕ್ಕಿಗಳ ಪಟ್ಟಿಗೆ ಬಂದು ಕೂರುತ್ತದೆ.

ಇಂಡೆಕ್ಸರ್ ಯಾವಾಗಲೂ ಒಂದು ಹೆಜ್ಜೆ ಹಿಂದೆ ಇರುತ್ತದೆ. ಇಥೀರಿಯಂನಲ್ಲಿ ಬ್ಲಾಕ್ 12 ಸೆಕೆಂಡಿಗೆ ಬಂದರೂ ಅದು ಅಲ್ಲಾಡದಷ್ಟು ಗಟ್ಟಿಯಾಗಲು ಸುಮಾರು 13 ನಿಮಿಷ ಬೇಕು. ಹಾಗಾಗಿ ಗ್ಯಾಲರಿ ತೋರಿಸಲು ಇಂಡೆಕ್ಸರ್ ಸಾಕು. ಟೋಕನ್ ಇದ್ದವರಿಗೆ ಮಾತ್ರ ದೊಡ್ಡ ಫೈಲ್ ಡೌನ್‌ಲೋಡ್ ಕೊಡುವಂಥ ಕಡೆ ಸರ್ವರ್‌ನಿಂದ ನೇರವಾಗಿ ಕಾಂಟ್ರ್ಯಾಕ್ಟ್‌ನ ಓನರ್‌ಆಫ್ (ಮಾಲೀಕರು ಯಾರು ಅಂತ ಹೇಳುವ ಫಂಕ್ಷನ್) ಕೇಳಿ.

ವಾಲೆಟ್ ಬಗ್ಗೆ ಒಂದೇ ಮಾತು

ವ್ಯಾಗ್ಮಿ, ವಿಯೆಮ್ ಅನ್ನೋ ಲೈಬ್ರರಿ ಜೋಡಿ ಸಾಕು. ಪರದೆಯ ಕೆಲಸ ನಿಮಗೆ ಗೊತ್ತೇ ಇದೆ. ಎಚ್ಚರ ಬೇಕಾದದ್ದು ಲಾಗಿನ್ ಸಹಿ ಪರೀಕ್ಷಿಸುವಾಗ. ಈಗ ಕೆಲವರು ಸ್ಮಾರ್ಟ್ ಅಕೌಂಟ್ ವಾಲೆಟ್ ಬಳಸುತ್ತಾರೆ. ಅವುಗಳ ವಿಳಾಸ ಒಂದು ಕಾಂಟ್ರ್ಯಾಕ್ಟ್, ಹಾಗಾಗಿ ಹಳೇ ರೀತಿಯಲ್ಲಿ ಸಹಿಯಿಂದ ವಿಳಾಸ ಹೊರತೆಗೆದು ಹೋಲಿಸಿದರೆ ತಾಳೆಯಾಗುವುದಿಲ್ಲ. ಇಆರ್‌ಸಿ-1271 ಪ್ರಕಾರ ಆ ಕಾಂಟ್ರ್ಯಾಕ್ಟ್ ಅನ್ನೇ "ಇದು ನಿನ್ನ ಸಹಿನಾ" ಅಂತ ಕೇಳಬೇಕು. ವಿಯೆಮ್‌ನ ಪಬ್ಲಿಕ್ ಕ್ಲೈಂಟ್ ಮೂಲಕ ಪರೀಕ್ಷಿಸಿದರೆ ಎರಡೂ ಬಗೆಯನ್ನು ಅದೇ ನೋಡಿಕೊಳ್ಳುತ್ತದೆ.

ಬೆಸುಗೆ ಪರೀಕ್ಷೆ

ಕಾಂಟ್ರ್ಯಾಕ್ಟ್ ಟೆಸ್ಟ್‌ಗಳಿಗೆ ಫೌಂಡ್ರಿ ಅನ್ನೋ ಟೂಲ್ ಬಳಸುತ್ತೇನೆ. ಅದರ ಆನ್ವಿಲ್ ನಿಜವಾದ ಚೈನ್‌ನ ಪಡಿಯಚ್ಚನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಎಬ್ಬಿಸುತ್ತದೆ. ಆಮೇಲೆ ಸೆಪೋಲಿಯಾ ಟೆಸ್ಟ್‌ನೆಟ್. ರಾಪ್ಸ್ಟನ್, ರಿಂಕ್‌ಬಿ, ಗೋರ್ಲಿ ಅಂತ ಬರೆದಿರುವ ಟ್ಯುಟೋರಿಯಲ್ ಸಿಕ್ಕರೆ ಅದು ಹಳತು ಅಂತ ತಿಳಿಯಿರಿ, ಮೂರೂ ಮುಚ್ಚಿವೆ.

ಇವೆಲ್ಲಕ್ಕಿಂತ ನನಗೆ ಬೆಲೆಬಾಳುವುದು ಎಲ್ಲ ತುಣುಕುಗಳನ್ನೂ ಹಾದುಹೋಗುವ ಒಂದು ಸಣ್ಣ ಸ್ಕ್ರಿಪ್ಟ್. ಎಪ್ಪತ್ತು ಸಾಲೂ ಇಲ್ಲ. ಮೊದಲ ಟೋಕನ್, ನಡುವಿನದೊಂದು, ಕೊನೆಯದು, ಈ ಮೂರನ್ನು ಆರಿಸುತ್ತದೆ. ಕಾಂಟ್ರ್ಯಾಕ್ಟ್ ಅನ್ನು ಟೋಕನ್‌ಯುಆರ್‌ಐ ಕೇಳುತ್ತದೆ. ಬಂದ ವಿಳಾಸವನ್ನು ಎರಡು ಬೇರೆ ಗೇಟ್‌ವೇಗಳಿಂದ ತರುತ್ತದೆ. ಜೇಸನ್ ಸರಿಯಾಗಿ ಬಿಚ್ಚಿಕೊಂಡಿತೇ, ಹೆಸರಿನಲ್ಲಿರುವ ನಂಬರ್ ಟೋಕನ್ ನಂಬರ್‌ಗೆ ಹೊಂದುತ್ತದೆಯೇ ನೋಡುತ್ತದೆ. ಒಳಗಿನ ಚಿತ್ರವನ್ನು ತಂದು ಅದು ನಿಜವಾಗಿ ಚಿತ್ರವೋ ದೋಷದ ಪುಟವೋ ಪರೀಕ್ಷಿಸುತ್ತದೆ. ಕೊನೆಗೆ ಇಂಡೆಕ್ಸರ್ ಹೇಳುವ ಮಾಲೀಕರನ್ನೂ ಓನರ್‌ಆಫ್ ಹೇಳುವವರನ್ನೂ ಹೋಲಿಸುತ್ತದೆ. ಆನ್ವಿಲ್‌ನಲ್ಲಿ ಒಮ್ಮೆ, ಸೆಪೋಲಿಯಾದಲ್ಲಿ ಒಮ್ಮೆ, ನಿಜವಾದ ಚೈನ್‌ನಲ್ಲಿ ನಿಮಗಾಗಿ ಒಂದು ಟೋಕನ್ ಮಿಂಟ್ ಮಾಡಿ ಇನ್ನೊಮ್ಮೆ. ಮಾರಾಟದ ಬಾಗಿಲು ಅದಾದ ಮೇಲೆ.

ಬಾಗಿಲು ತೆರೆಯುವ ಮುನ್ನ ಸೋರ್ಸ್ ಕೋಡನ್ನು ಎಕ್ಸ್‌ಪ್ಲೋರರ್‌ನಲ್ಲಿ ವೆರಿಫೈ ಮಾಡಿ. ಅಡ್ಮಿನ್ ಪಾತ್ರವನ್ನು ನಿಮ್ಮ ಲ್ಯಾಪ್‌ಟಾಪ್ ಕೀಯಿಂದ ಮಲ್ಟಿಸಿಗ್‌ಗೆ ದಾಟಿಸಿ, ಮೂವರಲ್ಲಿ ಇಬ್ಬರ ಸಹಿ ಸಾಕು. ದಾಟಿಸಿದ ಮೇಲೆ ನಿಮ್ಮ ಕೀಯಿಂದ ಪಾತ್ರ ಕಿತ್ತುಕೊಂಡದ್ದನ್ನು ಓದಿ ಖಾತ್ರಿ ಮಾಡಿಕೊಳ್ಳಿ.

ಮಾರಾಟ ಮುಗಿದ ಮೇಲೂ ಆ ಸ್ಕ್ರಿಪ್ಟ್ ನಿಲ್ಲಿಸಬೇಡಿ. ನನ್ನದು ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ಓಡುತ್ತದೆ. ಈಗ ಮೂರಲ್ಲ, 300ಕ್ಕೆ 300ನ್ನೂ ನೋಡುತ್ತದೆ. ಒಂದು ಸೋಮವಾರ 112ನೇ ಹಕ್ಕಿಯ ಹತ್ತಿರ ಕೆಂಪು ಸಾಲು ಬಂತು, ಎರಡೂ ಗೇಟ್‌ವೇಗಳಲ್ಲಿ ಚಿತ್ರ ಇಲ್ಲ. ನೋಡಿದರೆ ಒಂದು ಪಿನ್ ಸೇವೆ ಉಚಿತ ಖಾತೆಗಳ ನಿಯಮ ಬದಲಾಯಿಸಿತ್ತು. ಎರಡನೇ ಸೇವೆಗೆ ಏರಿಸುವಾಗ ನನ್ನ ನೆಟ್ ಕಡಿದು ಆ ಚಿತ್ರ ಹೋಗಿರಲೇ ಇಲ್ಲ. ಡಿಸ್ಕ್‌ನಲ್ಲಿದ್ದ ಕಾರ್ ಫೈಲ್ ಹುಡುಕಿ ಏರಿಸಿದೆ. ಅದೇ ಸಿಐಡಿ ಬಂತು. ಹತ್ತೂವರೆಗೆ ಸ್ಕ್ರಿಪ್ಟ್ ಮತ್ತೆ ಓಡಿಸಿದಾಗ 300 ಸಾಲೂ ಹಸಿರು. ಗೆಳತಿಗೆ ಫೋನ್ ಮಾಡಿ ಹೇಳಿದರೆ, "ಅದು ಯಾವ ಹಕ್ಕಿ ಕಣೇ?" ಅಂದಳು. ಮಿಂಚುಳ್ಳಿ.